ಬಲದಿಂದ ಓದಿಸಿದ ಟೀಚರ್

ನಾವು ಜರ್ಮನಿಗೆ ಬಂದ ಹೊಸತರಲ್ಲಿ ಮಗಳನ್ನು ಮನೆಯ ಹತ್ತಿರದ ಯಹೂದಿ ಶಾಲೆಗೆ ಸೇರಿಸಿದೆವು. ಯಾವ ಧರ್ಮದ ಮಕ್ಕಳಾದರೂ ಅಲ್ಲಿ ಹೀಬ್ರೂ ಕಲಿಯಬೇಕು. ಕಲಿಸುತ್ತಿದ್ದವರು ಎತ್ತರದ ನಿಲುವಿನ, ಗಟ್ಟಿ ದನಿಯ ಟೀಚರ್. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡೇ ಅವರು ಸೀಮೆಸುಣ್ಣ ಹಿಡಿಯುತ್ತಿದ್ದರು. ಯಾವ ಮಗು ತಡವರಿಸಿದರೂ, "ಲಾಂಗ್‌ಸಾಮ್, ನಿಧಾನ. ಅಕ್ಷರ ಓಡಿಹೋಗುವುದಿಲ್ಲ" ಎನ್ನುತ್ತಿದ್ದರು.

ಕನ್ನಡ ಓದಲು ಕಲಿತಿದ್ದ ನನ್ನ ಮಗಳು, ಬಲದಿಂದ ಓದಬೇಕಾದ ಹೀಬ್ರೂವನ್ನೂ ಎಡದಿಂದಲೇ ಓದಿದಳು. ಮಕ್ಕಳು ನಕ್ಕರು. ಆಮೇಲೆ ಅವಳು ಆ ತರಗತಿಯಲ್ಲಿ ಬಾಯಿಯೇ ಬಿಡಲಿಲ್ಲ.

"ಜರ್ಮನ್ನೇ ಇನ್ನೂ ಸರಿಯಾಗಿ ಬಂದಿಲ್ಲ, ಹೀಬ್ರೂ ಬೇರೆ ಯಾಕೆ? ಸ್ಕೂಲ್ ಚೇಂಜ್ ಮಾಡೋಣ" ಎಂದರು ನನ್ನ ಗಂಡ.

ಅದನ್ನು ಹೇಳಲು ಹೋದರೆ ಟೀಚರ್ ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, "ಮೊದಲು ಪಾಠ ನೋಡಿ, ಆಮೇಲೆ ಮಾತಾಡೋಣ" ಎಂದರು.

ಬೋರ್ಡಿನ ಮೇಲೆ ಮೂರು ಅಕ್ಷರ ಬರೆದು ಮಗಳನ್ನು ಕರೆದರು. ಅವಳು ಎಡವೋ ಬಲವೋ ತಿಳಿಯದೆ ನಿಂತಳು.

"ನಿನಗೆ ಇಷ್ಟ ಬಂದ ಕಡೆಯಿಂದ ಓದು."

ಮಗಳು ಎಡದಿಂದ ಮೆಲ್ಲಗೆ ಓದಿದಳು. "ಇಮಾ."

"ಈಗ ಬಲದಿಂದ."

"ಇಮಾ!" ಅವಳಿಗೆ ನಗು ಬಂತು.

"ಅಮ್ಮ ಅಂತ ಅರ್ಥ. ಯಾವ ಕಡೆಯಿಂದ ಹೊರಟರೂ ಅಮ್ಮ ಸಿಗುತ್ತಾಳೆ. ಉಳಿದವರನ್ನು ಹುಡುಕಲು ಬಲದಿಂದಲೇ ಹೊರಡಬೇಕು."

ಟೀಚರ್ ಬೋರ್ಡ್ ಒರೆಸಿ ಹೊಸ ಪದ ಬರೆಯತೊಡಗಿದರು. ಅದು ಮುಗಿಯುವ ಮೊದಲೇ ಮಗಳು ಬಲತುದಿಗೆ ಹೋಗಿ ನಿಂತು, ಗಟ್ಟಿಯಾಗಿ ಅಕ್ಷರ ಕೂಡಿಸುತ್ತಿದ್ದಳು. ಶಾಲೆ ಬದಲಿಸುವ ಮಾತೆತ್ತದೆ ನಾನು ಎದ್ದು ಬಂದೆ.