ಬಿಸಿಲಿಗೆ ಮುಖ ಕೊಟ್ಟು ನಿಂತ ಮರಿಸಿದ್ದಯ್ಯ

ಮಂಡ್ಯದ ರೈಲು ಹಳಿಯಾಚೆಯ ಕ್ರಿಕೆಟ್ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಲ್ಲಿನ ರೋಲರ್ ಒಂದು ಕಿರುಗುಟ್ಟುತ್ತ ಬರುತ್ತಿದೆ. ಅದನ್ನು ಎಳೆಯುತ್ತಿರುವವರು ನಲವತ್ತರ ಹತ್ತಿರದ, ಕೆನ್ನೆ ಬತ್ತಿದ, ನೀಳ ಕಾಲಿನ ಮನುಷ್ಯ. ಹಗ್ಗವನ್ನು ಎದೆಗೆ ಅಡ್ಡ ಹಾಕಿಕೊಂಡು, ಮುಂದಕ್ಕೆ ಬಾಗಿ ನಡೆಯುತ್ತಾರೆ. ಪಿಚ್ಚಿನ ತುದಿಗೆ ಬಂದಾಗ ನಿಂತು, ತಲೆಯನ್ನು ಪೂರ್ತಿ ಬಲಕ್ಕೆ ಹೊರಳಿಸಿ ನೋಡಿ, ಆಮೇಲೆ ರೋಲರ್ ತಿರುಗಿಸುತ್ತಾರೆ. ತಿರುಗಿ ಬರುವಾಗ ನಾನು ಅವರ ಬಲಗಡೆ ಹೋಗಿ ನಿಲ್ಲುತ್ತೇನೆ. ಕೆಮ್ಮುವವರೆಗೂ ಅವರಿಗೆ ತಿಳಿಯುವುದಿಲ್ಲ.

"ಈ ಕಡೀಕ್ ಬನ್ನಿ ಸಾಮಿ. ಆ ಕಡೆ ಕಾಣಾಕಿಲ್ಲ," ಎಂದು ಎಡಕ್ಕೆ ಕೈ ತೋರಿಸುತ್ತಾರೆ.

ಇವರು ಮರಿಸಿದ್ದಯ್ಯ. ಮದ್ದೂರು ತಾಲ್ಲೂಕಿನ ಕೊಪ್ಪದ ಒಕ್ಕಲು ಮನೆಯವರು. ಕಳೆದ ಚಳಿಗಾಲದವರೆಗೆ ಇದೇ ಮೈದಾನದ ಕ್ಲಬ್ಬಿನಲ್ಲಿ ಕೂಲಿಗೆ ಚೆಂಡು ಹಿಡಿಯುತ್ತಿದ್ದವರು. ಕುಸ್ತಿಯವರನ್ನು ಬಿಟ್ಟರೆ ನಮ್ಮ ಸೀಮೆಯಲ್ಲಿ ಆಟವನ್ನೇ ಕಸುಬು ಮಾಡಿಕೊಂಡವರು ನನಗೆ ಸಿಕ್ಕಿದ್ದು ಇವರೊಬ್ಬರೇ.

ಕೊಪ್ಪದ ಗದ್ದೆಯಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುತ್ತ ಬೆಳೆದ ತೋಳು ಅದು. ಅಣ್ಣತಮ್ಮಂದಿರು ಪಾಲಾದ ಮೇಲೆ ಇವರಿಗೆ ಬಂದ ತುಂಡು ನೆಲ ಹೊಟ್ಟೆಗೆ ಸಾಲಲಿಲ್ಲ. ಸಕ್ಕರೆ ಕಾರ್ಖಾನೆ ಕಟ್ಟುತ್ತಿದ್ದ ಕಾಲಕ್ಕೆ ಇಟ್ಟಿಗೆ ಹೊರಲು ಮಂಡ್ಯಕ್ಕೆ ಬಂದರು. ಒಂದು ಭಾನುವಾರ ಮೈದಾನದ ಪಕ್ಕದಲ್ಲಿ ಹೋಗುತ್ತಿದ್ದಾಗ ಚೆಂಡೊಂದು ಉರುಳಿ ಕಾಲ ಬಳಿಗೆ ಬಂತು. ಎತ್ತಿ ಬೀಸಿದರು. ಅದು ನೆಲ ಮುಟ್ಟದೆ ಹೋಗಿ ಮೂರು ಕಡ್ಡಿಗಳಲ್ಲಿ ನಡುವಿನದನ್ನು ಕಿತ್ತು ಹಾಕಿತು.

"ಬೈತಾರೆ ಅಂತ ಓಡೋಗಾಕೆ ನಿಂತಿದ್ದೆ. ಪಾರ್ಥಸಾರಥಿ ಸಾಮ್ಯೋರು ಕರುದ್ರು. ನಾಳಿಕ್ಕೂ ಬಾ ಅಂದ್ರು."

ಪಾರ್ಥಸಾರಥಿ ವಕೀಲರು, ಕ್ಲಬ್ಬಿನ ಕ್ಯಾಪ್ಟನ್. ಅವರು ಮರಿಸಿದ್ದಯ್ಯನವರಿಗೆ ಕೊಟ್ಟದ್ದು ಅರ್ಧ ಆಟ. ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದ ಶ್ಯಾಮಣ್ಣನವರು ಕ್ಲಬ್ಬಿನ ಹಿರಿಯ ಸದಸ್ಯರು. ಬ್ಯಾಟಿಂಗ್ ಎಂದರೆ ಪ್ರಾಣ, ಓಡಾಟ ಎಂದರೆ ಮಂಡಿನೋವು. ಅವರು ಬ್ಯಾಟು ಬೀಸಿ ಬಂದು ಡೇರೆಯಲ್ಲಿ ಕುರ್ಚಿ ಹಾಕಿಕೊಂಡರೆ, ಅವರ ಬದಲಿಗೆ ಮರಿಸಿದ್ದಯ್ಯ ಇಳಿಯಬೇಕು. ಬದಲಿ ಆಟಗಾರ ಬ್ಯಾಟು ಹಿಡಿಯುವಂತಿಲ್ಲ, ಬೌಲಿಂಗ್ ಮಾಡುವಂತಿಲ್ಲ. ದೂರದ ಗೆರೆಯ ಬಳಿ ನಿಂತು, ಬಂದದ್ದನ್ನು ಹಿಡಿಯಬೇಕು ಅಷ್ಟೆ. ಆಟದ ವರದಿಯಲ್ಲೂ ಹಿಡಿದವರ ಹೆಸರಿನ ಜಾಗದಲ್ಲಿ "ಬದಲಿ" ಎಂದು ಅಚ್ಚಾಗುತ್ತಿತ್ತು. ನಮ್ಮ ಪತ್ರಿಕೆಯಲ್ಲೂ ಹಾಗೇ ಆಗಿದೆ.

ಮೈದಾನದ ಪೂರ್ವದ ಅಂಚು ಅವರ ಖಾಯಂ ಜಾಗ. ಮಧ್ಯಾಹ್ನ ಇಳಿದ ಮೇಲೆ ಅಲ್ಲಿ ನಿಂತವನ ಕಣ್ಣಿಗೆ ನೇರವಾಗಿ ಬಿಸಿಲು ಹೊಡೆಯುತ್ತದೆ. ಸದಸ್ಯರು ಯಾರೂ ಅಲ್ಲಿ ನಿಲ್ಲುವುದಿಲ್ಲ. "ಅವರ್ಗೇನು, ಟೋಪಿ ಅದೆ, ಆದ್ರೂ ಬ್ಯಾಡ ಅಂತಾರೆ. ನಂಗೆ ಅದೇ ಕೆಲಸ ಅಲ್ವಾ," ಎನ್ನುತ್ತಾರೆ ಮರಿಸಿದ್ದಯ್ಯ. ಊಟದ ಹೊತ್ತಿನಲ್ಲಿ ಡೇರೆಯೊಳಗೆ ಎಲೆ ಹಾಕಿದರೆ ಇವರಿಗೆ ಹೊಂಗೆ ಮರದ ಕೆಳಗೆ ಬುತ್ತಿ.

ಹೋದ ವರ್ಷ ಮಾಗಿ ಕಳೆದ ಮೇಲೆ ಮೈಸೂರಿನ ತಂಡವೊಂದು ಬಂದಿತ್ತು. ಎತ್ತರಕ್ಕೆ ಹೋದ ಚೆಂಡು ಸೂರ್ಯನೊಳಗೆ ಮರೆಯಾಯಿತು. ಇವರು ಅದರ ಕೆಳಗೇ ನಿಂತಿದ್ದರು. ಕೈ ಮೇಲಿತ್ತು, ಚೆಂಡು ಬಂದದ್ದು ಬಲಗಣ್ಣಿನ ಮೇಲೆ. ಮೈಸೂರಿನ ಡಾಕ್ಟರು ಊತ ಇಳಿಸಿದರು, ಗುಡ್ಡೆ ಉಳಿಸಿದರು. ನೋಟ ಮಾತ್ರ ಮರಳುವುದಿಲ್ಲ ಎಂದುಬಿಟ್ಟರು.

ಹೊರಗಿನಿಂದ ನೋಡಿದವರಿಗೆ ಕಣ್ಣು ಕಣ್ಣಿನ ಹಾಗೇ ಇತ್ತು. ಮರಿಸಿದ್ದಯ್ಯ ಮಂಡ್ಯಕ್ಕೆ ಬಂದು, ಪಾರ್ಥಸಾರಥಿಯವರಿಗೆ "ವಾಸಿ ಆಯ್ತು ಸಾಮಿ," ಎಂದರು. ಸುಗ್ಗಿ ಕಳೆದು ಮುಂದಿನ ಆಟಗಳು ಶುರುವಾಗುವವರೆಗೆ ಬಿಡುವಿತ್ತು. ಆ ಬಿಡುವಿನಲ್ಲಿ ಏನಾಯಿತೆಂಬುದನ್ನು ಅವರ ಹೆಂಡತಿ ಹೊಂಬಾಳಮ್ಮ ಹೇಳುತ್ತಾರೆ.

"ಒಂದು ಕಣ್ಣಲ್ಲಿ ನೋಡೋರ್ಗೆ ಚೆಂಡು ಹತ್ರ ಅದೋ ದೂರ ಅದೋ ಗೊತ್ತಾಗಾಕಿಲ್ವಂತೆ. ಕೊಯ್ದ ಗದ್ದೇಲಿ ನಿಂತ್ಕಂಡು, ನೀನು ಎಸಿ, ನಾನು ಇಡೀತೀನಿ ಅಂದ್ರು. ಎಸುದ್ರೆ ಎದೇಗೆ ಬೀಳದು, ಮೂತಿಗೆ ಬೀಳದು. ಮೈಯೆಲ್ಲ ಕಪ್ಗಾಯ್ತು. ನನ್ ಕೈಲಿ ಆಗಾಕಿಲ್ಲ ಅಂತ ಕುಂತ್ಕಂಡೆ. ಆಮೇಲೆ ಅವರ್ಗೆ ಗೊತ್ತಾಗ್ದಂಗೆ ಚೆಂಡಿಗೆ ಹಳೇ ಸೀರೆ ತುಂಡು ಸುತ್ತಿ ಎಸುದೆ. ಕೈಗೆ ಬಿದ್ದೇಟ್ಗೇ ತಿಳೀತು. ಬಿಚ್ಚೇ, ಅಲ್ಲಿ ಯಾರು ಬಟ್ಟೆ ಸುತ್ತಿ ಒಡೀತಾರೆ ಅಂದ್ರು."

ಊರಿನವರು ಬದುವಿನ ಮೇಲೆ ನಿಂತು ನಗುತ್ತಿದ್ದರಂತೆ. ಹೊಂಬಾಳಮ್ಮ ತಲೆ ಎತ್ತದೆ ಎಸೆಯುತ್ತಿದ್ದರಂತೆ. ಮಳೆಗಾಲ ಹಿಡಿಯುವ ಹೊತ್ತಿಗೆ ಮರಿಸಿದ್ದಯ್ಯ ಬೇರೊಂದು ಲೆಕ್ಕ ಕಲಿತಿದ್ದರು. ಮೈದಾನದಲ್ಲಿ ಬ್ಯಾಟಿಗೆ ಚೆಂಡು ತಗುಲಿದ ಸದ್ದು ಕೇಳಿಯೇ ಓಡಲು ಶುರು. ಚೆಂಡಿನ ಕೆಳಗೆ ನಿಂತು ಕಾಯದೆ, ತಲೆಯನ್ನು ಅತ್ತಿತ್ತ ಆಡಿಸುತ್ತ, ಓಡುತ್ತಲೇ ಹಿಡಿಯುವುದು. ಚಳಿಗಾಲದ ಮೊದಲ ಆಟಗಳಲ್ಲಿ ಹಾಗೆ ಹಿಡಿದರು ಕೂಡ. ಯಾರಿಗೂ ಅನುಮಾನ ಬರಲಿಲ್ಲ.

ಕೆಟ್ಟದ್ದು ಮಳವಳ್ಳಿಯವರ ಜೊತೆಗಿನ ಆಟದಲ್ಲಿ. ಅವರ ಕೊನೆಯ ಜೋಡಿ ಆಡುತ್ತಿತ್ತು. ಒಂದು ಹೊಡೆತ ಬಿದ್ದರೆ ಅವರು ಗೆದ್ದರು, ಒಂದು ಕ್ಯಾಚು ಹಿಡಿದರೆ ಇವರು. ಮೋಡ ಕವಿದಿತ್ತು, ಬಿಸಿಲಿನ ಕಾಟವೂ ಇರಲಿಲ್ಲ. ಚೆಂಡು ಪೂರ್ವದ ಅಂಚಿಗೇ ಬಂತು. ಮರಿಸಿದ್ದಯ್ಯ ಬಲಕ್ಕೆ ಓಡಿದರು. ಚೆಂಡೂ ಗಾಳಿಗೆ ಇನ್ನಷ್ಟು ಬಲಕ್ಕೆ ವಾಲಿತು. ಚಾಚಿದ ಕೈಯನ್ನು ಬಿಟ್ಟು ಹಿಂದೆ ಬಿದ್ದು ಗೆರೆ ದಾಟಿತು. ಬಿದ್ದ ಮೇಲೂ ಅವರು ಬೇರೆ ಕಡೆಯೇ ನೋಡುತ್ತಿದ್ದರೆಂದು ಕಂಡವರು ಹೇಳುತ್ತಾರೆ.

ಪಾರ್ಥಸಾರಥಿ ಓಡಿಬಂದು, ಅವರ ಬಲಗೆನ್ನೆಯ ಪಕ್ಕದಲ್ಲಿ ಬೆರಳು ಎತ್ತಿ ಹಿಡಿದು ಕೇಳಿದರು: "ಎಷ್ಟು ಬೆರಳು?"

"ಯಾವ ಬೆರಳು ಸಾಮಿ?"

ಪಾರ್ಥಸಾರಥಿ ಕೈ ಇಳಿಸಿದರು. "ಯಾಕೋ ಹೇಳಲಿಲ್ಲ ನನಗೆ?"

"ಏಳಿದ್ರೆ ಗೆರೆ ತಾವ ನಿಲ್ಲುಸ್ತಿದ್ರಾ ಸಾಮಿ?"

ಮೈದಾನ ಬಿಟ್ಟು ಹೋಗುವಾಗ ಡೇರೆಯ ಕಡೆಯಿಂದ ಯಾರೋ "ಕುರುಡ" ಎಂದು ಕೂಗಿದ್ದು ಕೇಳಿಸಿತು. ಯಾರು ಕೂಗಿದ್ದೆಂದು ಮರಿಸಿದ್ದಯ್ಯನವರಿಗೆ ಗೊತ್ತಿದೆ. ನನಗೆ ಹೇಳಲು ಒಪ್ಪಲಿಲ್ಲ.

ನಾನು ಪಾರ್ಥಸಾರಥಿಯವರನ್ನೂ ಕಂಡೆ. ಮೃದು ಮಾತಿನವರು, ಕಾಫಿ ತರಿಸಿ ಕೂರಿಸಿದರು. "ಅವನಂಥ ಫೀಲ್ಡರು ಮತ್ತೆ ಸಿಗೋದಿಲ್ಲ. ಆದರೆ ಕಣ್ಣಿಲ್ಲದವನನ್ನು ನಿಲ್ಲಿಸಿ, ಇನ್ನೊಂದು ಕಣ್ಣೂ ಹೋದರೆ ಯಾರು ಜವಾಬ್ದಾರಿ? ಕೈ ಬಿಡಲಿಲ್ಲವಲ್ಲ, ರೋಲರ್ ಕೆಲಸ ಕೊಡಿಸಿದೆ," ಎಂದರು. ಮೊದಲನೆಯ ಕಣ್ಣಿಗೆ ಯಾರು ಜವಾಬ್ದಾರಿ ಎಂದು ಕೇಳಿದೆ. ಅವರು ಲೋಟದ ಕಡೆ ನೋಡಿದರು.

ಈಗ ಪೂರ್ವದ ಅಂಚಿನಲ್ಲಿ ಹೊಸಬನೊಬ್ಬ ನಿಲ್ಲುತ್ತಾನೆ, ಅವನೂ ಕೂಲಿಯವನೇ. ಮರಿಸಿದ್ದಯ್ಯ ಕೊಪ್ಪದ ಮನೆಗೆ ಬೀಗ ಹಾಕಿ, ಮೈದಾನದ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಸಂಸಾರ ಹೂಡಿದ್ದಾರೆ. ಹೊಂಬಾಳಮ್ಮ ಕಬ್ಬಿನ ಗದ್ದೆಗಳಿಗೆ ಕಳೆ ಕೀಳಲು ಹೋಗುತ್ತಾರೆ. ಗಂಡ ಆಡುವುದನ್ನು ಮೈದಾನದಲ್ಲಿ ಅವರು ಒಮ್ಮೆಯೂ ನೋಡಿಲ್ಲ. ಹೆಂಗಸರು ಬರುವ ಜಾಗವಲ್ಲ ಎಂದುಕೊಂಡಿದ್ದರಂತೆ. ಈಗ ಗೋಡೆಯಾಚೆಯೇ ಆಟ. "ಈಗ ನೋಡಕೇನದೆ," ಎಂದು ಸೆರಗು ಕೊಡವುತ್ತಾರೆ.

ಬಿಸಿಲು ಏರಿದೆ. ರೋಲರನ್ನು ಬದಿಗೆ ನಿಲ್ಲಿಸಿ ಮರಿಸಿದ್ದಯ್ಯ ಹಗ್ಗ ಸುತ್ತುತ್ತಿದ್ದಾರೆ. ಎದೆಯ ಮೇಲೆ ಅದರ ಬರೆ ಕೆಂಪಗೆ ಎದ್ದಿದೆ. ಈ ಭಾನುವಾರ ಬೆಂಗಳೂರಿನ ತಂಡ ಬರುವುದಿದೆ. ಆ ದಿನ ಊರಿಗೆ ಹೋಗಿಬರುತ್ತೇನೆಂದು ರಜೆ ಕೇಳಿದ್ದರಂತೆ. ಪಿಚ್ಚು ನೋಡಿಕೊಳ್ಳಲು ಆಳು ಬೇಕೆಂದು ಕೊಡಲಿಲ್ಲ. ಆಟ ನೋಡುವುದು ಬೇಡವೆಂದರೆ ಬೆನ್ನು ತಿರುಗಿಸಿ ಕೂತರಾಯಿತಲ್ಲ ಎಂದೆ.

"ಬೆನ್ ತಿರುಗ್ಸುದ್ರೂ ಕಿವಿ ಅದಲ್ಲ ಸಾಮಿ. ಸದ್ದು ಕೇಳುದ್ರೆ ಕಾಲು ಓಡ್ಬುಡ್ತವೆ. ಅವತ್ತೊಂದ್ಸಲ ಗೆರೆ ಗಂಟ ಓಗ್ಬುಟ್ಟಿದ್ದೆ, ಎಲ್ರೂ ನಕ್ರು. ರೋಲರ್ ಎಳಿಯದೇನು, ಎತ್ತೂ ಎಳೀತದೆ. ಕಾಲ್ನ ತಡ್ಕಂಡು ಕುಂತ್ಕಬೇಕಲ್ಲ, ಅದೇ ಸಾಮಿ ಈಗ ನನ್ ಕೆಲಸ."