ಹಿಸ್ಕೆಯ ಕುಂಟೆ ಮತ್ತು ಟಿಟ್ಟಿಭದ ಮರಿಗಳು

ಹಿಸ್ಕೆಯ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಇರುವುದು ಒಂದೇ ಕಾಲುವೆ. ಆಚೆ ಅವಳ ಈರುಳ್ಳಿ, ಈಚೆ ನನ್ನದು. ನಾನು ಕಳೆಗೂ ಹುಳಕ್ಕೂ ಔಷಧಿ ಹೊಡೆಯುವವನು, ಅದನ್ನು ಮುಚ್ಚಿಟ್ಟು ಒಳ್ಳೆಯವನೆನಿಸಿಕೊಳ್ಳುವ ಆಸೆ ನನಗಿಲ್ಲ. ಅವಳು ಒಂಬತ್ತು ವರ್ಷದ ಹಿಂದೆ ಔಷಧಿ ಬಿಟ್ಟಳು. ಬಿಟ್ಟದ್ದು ಹೊಲದ ನೆಲದಲ್ಲೇ ಗೂಡು ಮಾಡುವ ಟಿಟ್ಟಿಭ ಹಕ್ಕಿಗಳಿಗಾಗಿ.

ನಮ್ಮ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ವಸಂತದ ಮೊದಲ ಟಿಟ್ಟಿಭದ ಮೊಟ್ಟೆ ಹುಡುಕಿ ತಂದವರ ಕೈಯನ್ನು ಊರೇ ಕುಲುಕುತ್ತಿತ್ತು. ಹಿಸ್ಕೆಗೆ ಹನ್ನೆರಡು ವರ್ಷವಿದ್ದಾಗ ಆ ಭಾಗ್ಯ ಸಿಕ್ಕಿತ್ತು. ಆಮೇಲೆ ಹಕ್ಕಿಗಳೇ ಕಡಿಮೆಯಾದವು. ಮೊಟ್ಟೆ ಎತ್ತುವುದು ನಿಂತು, ಮೊಟ್ಟೆ ಹುಡುಕುತ್ತಿದ್ದವರೇ ಗೂಡು ಕಾಯುವವರಾದರು. ಹಕ್ಕಿಗೋಸ್ಕರ ಬೇಸಾಯ ಮಾಡುತ್ತಾಳಂತೆ ಎಂದು ನಾನು ಕಂಡಕಂಡಲ್ಲಿ ಅವಳನ್ನು ಗೇಲಿ ಮಾಡಿದ್ದುಂಟು. ನಾಲ್ಕನೇ ವರ್ಷ ಅವಳ ಮಣ್ಣಲ್ಲಿ ಎರೆಹುಳು, ಜೀರುಂಡೆ ತುಂಬಿದವು. ಹಕ್ಕಿಗಳೂ ಬಂದವು. ನಾನು ಬಾಯಿ ಮುಚ್ಚಿಕೊಂಡೆ.

ಆದರೆ ಔಷಧಿ ಇಲ್ಲದಿದ್ದರೆ ಕಳೆಗೆ ಕುಂಟೆಯೇ ಗತಿ. ಐದಾರು ಸಲ ಟ್ರ್ಯಾಕ್ಟರಿಗೆ ಎಡೆಕುಂಟೆ ಕಟ್ಟಿ ಸಾಲುಗಳ ನಡುವೆ ಅಂಗುಲ ಬಿಡದೆ ಕೆರೆಯಬೇಕು. ಗೂಡು ಕಾಯುವವರಲ್ಲೊಬ್ಬನಾದ ಡುರ್ಕ್ ಎಂಬ ಎಂಬತ್ತರ ಮುದುಕ ಪ್ರತಿ ಗೂಡಿನ ಪಕ್ಕ ಎರಡು ಕೋಲು ನೆಡುತ್ತಿದ್ದ. ಕೋಲು ಕಂಡಲ್ಲಿ ಹಿಸ್ಕೆ ಕುಂಟೆ ಎತ್ತಿ ದಾಟುತ್ತಿದ್ದಳು.

ಈ ಮೇ ತಿಂಗಳಲ್ಲಿ ಮೂರು ವಾರ ಬಿಡದೆ ಮಳೆ. ಕಳೆ ಈರುಳ್ಳಿಯನ್ನು ಮೀರಿ ನಿಂತಿತು. ಗುರುವಾರ ಒಂದು ದಿನ ಬಿಸಿಲು, ಆಮೇಲೆ ಮತ್ತೆ ಮಳೆ ಎಂದು ರೇಡಿಯೊದಲ್ಲಿ ಹೇಳಿದರು. ಅಷ್ಟರಲ್ಲಿ ಅವಳ ಹೊಲದ ಏಳೂ ಗೂಡುಗಳಲ್ಲಿ ಮೊಟ್ಟೆ ಒಡೆದಿತ್ತು. ಟಿಟ್ಟಿಭದ ಮರಿ ಒಂದೇ ದಿನದಲ್ಲಿ ಗೂಡು ಬಿಟ್ಟು ನಡೆಯುತ್ತದೆ. ತಾಯಿ ಕೂಗಿದರೆ ಓಡುವುದಿಲ್ಲ, ಇದ್ದಲ್ಲೇ ಮಣ್ಣಿಗೆ ಅಂಟಿ ಮಲಗುತ್ತದೆ. ನರಿಯಿಂದ ಉಳಿಸುವ ಬುದ್ಧಿ ಅದು, ಕುಂಟೆಯ ಮುಂದೆ ನಡೆಯದು. ಡುರ್ಕನ ಕೋಲುಗಳು ಖಾಲಿ ಗೂಡುಗಳನ್ನು ಕಾಯುತ್ತಿದ್ದವು. ಕುಂಟೆ ಹೊಡೆಯದಿದ್ದರೆ ಬೆಳೆ ಹೋಗುತ್ತದೆ. ಅವಳದು ಗೇಣಿ ಜಮೀನು. ಬೆಳೆ ಹೋದರೆ ಅದರ ಒಡೆಯ ಅವಳನ್ನು ಬಿಡಿಸಿ ಹೊಲವನ್ನು ನನಗೆ ಗೇಣಿಗೆ ಕೊಡುವುದೆಂದು ಮಾತಾಗಿತ್ತು. ನನ್ನ ಕೈಗೆ ಬಂದರೆ ಆ ಮಣ್ಣಿನ ಗತಿ ಏನೆಂದು ಅವಳಿಗೆ ಗೊತ್ತು.

ಗುರುವಾರ ಬೆಳಿಗ್ಗೆ ಅವಳು ನನ್ನ ಅಂಗಳಕ್ಕೆ ಬಂದಳು.

"ವಿಟ್ಸೆ, ನಿನ್ ಗಾಡಿ ತಗೊಂಡ್ ಬಾ. ಒಂದೇ ಒಂದ್ಸಲ ಔಷಧಿ ಹೊಡ್ದುಬಿಡು."

ಸ್ಪ್ರೇ ಗಾಡಿಗೆ ಎರಡೇ ಗಾಲಿಯ ಜಾಡು, ಮರಿಗಳು ಉಳಿದುಕೊಳ್ಳುತ್ತವೆ ಎಂಬುದು ಅವಳ ಯೋಚನೆ. ಈ ಮಾತು ಅವಳ ಬಾಯಲ್ಲಿ ಕೇಳಬೇಕೆಂದು ನಾನು ಒಂಬತ್ತು ವರ್ಷ ಕಾದಿದ್ದೆ.

"ಬೇಡ ಹಿಸ್ಕೆ," ಅಂದೆ. "ಹೋದ್ವರ್ಷ ನನ್ ಹೊಲದಲ್ಲೂ ಎರಡು ಗೂಡಿದ್ವು. ಒಂದ್ ಮರೀನೂ ಗಾಲಿಗೆ ಸಿಗ್ಲಿಲ್ಲ. ಆರನೇ ದಿನಕ್ಕೆ ಎಲ್ಲಾ ಸತ್ ಬಿದ್ದಿದ್ವು. ತಿನ್ನೋಕೆ ಒಂದ್ ಹುಳ ಇರ್ಲಿಲ್ಲ."

"ಯಾಕೆ ಹೇಳ್ಲಿಲ್ಲ ನೀನು?"

"ನಿನ್ ಕೈಲಿ ಉಗಿಸ್ಕೊಳ್ಳೋಕಾ?"

ಅವಳು ನಗಲಿಲ್ಲ. ಕುಂಟೆಯಿಂದ ಉಳಿದವಕ್ಕೆ ತಿನ್ನಲು ಹುಳವಾದರೂ ಇರುತ್ತದೆ ಎಂದುಕೊಂಡಳೇನೋ, ಹೋಗಿ ಟ್ರ್ಯಾಕ್ಟರಿಗೆ ಕುಂಟೆ ಕಟ್ಟಿದಳು.

ಅವಳ ಮುಂದೆ ನಾನೂ ಡುರ್ಕನೂ ಬಗ್ಗಿಕೊಂಡು ಸಾಲುಸಾಲು ಹುಡುಕುತ್ತ ನಡೆದೆವು, ಸಿಕ್ಕ ಮರಿಯನ್ನು ಹುಲ್ಲು ಹಾಸಿದ ಬಕೆಟ್ಟಿಗೆ ಹಾಕುತ್ತ. ಕಳೆಯ ನಡುವೆ ಮಣ್ಣಿನ ಬಣ್ಣದ ಮರಿ ಕಾಣುವುದು ಎಷ್ಟು! ತಾಯಿ ಹಕ್ಕಿಗಳು ತಲೆಯ ಮೇಲೆ ಚೀರುತ್ತ ಎರಗುತ್ತಿದ್ದವು. ಅವು ಚೀರಿದಷ್ಟೂ ಮರಿಗಳು ಇನ್ನೂ ಅಲುಗದೆ ಮಲಗುತ್ತಿದ್ದವು. ಬಾಯಿ ಮುಚ್ಚಿ ಎಂದು ನಾನು ಆಕಾಶಕ್ಕೆ ಬೈದೆ. ಆಮೇಲೆ ಮುದುಕನನ್ನು ಮುಂದೆ ಬಿಟ್ಟು ನಾನು ಕುಂಟೆಯ ಹಿಂದೆ ಬಂದೆ. ಕುಂಟೆಗೆ ಸಿಕ್ಕವನ್ನು ಹೆಕ್ಕಲು ಹಿಂದೆಯೂ ಒಬ್ಬರು ಬೇಕಿತ್ತು.

ಅರ್ಧ ಹೊಲ ಮುಗಿದಾಗ ಹಿಸ್ಕೆ ಟ್ರ್ಯಾಕ್ಟರ್ ನಿಲ್ಲಿಸಿ ಕೆಳಗಿಳಿದಳು.

"ಎಷ್ಟು?"

"ಬಕೆಟ್ಟಲ್ಲಿ ಹನ್ನೊಂದಿವೆ."

"ಅದನ್ನ ಕೇಳ್ಲಿಲ್ಲ."

ನಾನು ಕೋಟಿನ ಜೇಬು ತೆರೆದು ತೋರಿಸಿದೆ. ಅವಳು ಕೈ ಹಾಕಿ ಒಂದೊಂದನ್ನೇ ಮುಟ್ಟಿದಳು, ತುಟಿ ಅಲುಗುತ್ತಿತ್ತು. ಆರು. ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡಳು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಇನ್ನೂ ಅರ್ಧ ಹೊಲವಿತ್ತು. ಅವಳು ಮೇಲೆ ಹತ್ತಿ ಕೂತು ಕುಂಟೆಯನ್ನು ಇಳಿಸಿದಳು.