ಗಿರಿಜಕ್ಕನ ಮನೆಯಲ್ಲಿಟ್ಟ ಪ್ರಸ್ಥಾನ

ಕಳೆದ ಶನಿವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಮೂವರಿದ್ದೆವು. ದೋಸೆ ಎರೆಯುತ್ತಿದ್ದ ನಾನು, ಅದನ್ನು ಕಾವಲಿಯಿಂದಲೇ ಕಿತ್ತು ತಿನ್ನುತ್ತಿದ್ದ ಮಗಳು, ಮತ್ತು ಸಕ್ಕರೆ ಕೇಳಲು ಬಂದು ಅರ್ಧ ಗಂಟೆಯಾದರೂ ಸಕ್ಕರೆಯ ಮಾತೆತ್ತದ ಪಕ್ಕದ ಮನೆಯ ಗಿರಿಜಕ್ಕ. ಮಗಳಿಗೀಗ ಹದಿನೆಂಟು. ಧಾರವಾಡದ ಕಾಲೇಜಿಗೆ ಹೊರಟಿದ್ದಳು. ಅಟ್ಟದಿಂದ ಅವಳು ಇಳಿಸಿ ತಂದ ಸೂಟ್‌ಕೇಸಿನೊಳಗೆ ಒಂದು ಹಳೆಯ ಬಟ್ಟೆಚೀಲ ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಕರ್ಪೂರದ ವಾಸನೆ.

"ಅಯ್ಯ, ಇದು ಆ ಚೀಲ ಅಲ್ಲೇನ್ರಿ?" ಎಂದು ಗಿರಿಜಕ್ಕ ನಗತೊಡಗಿದರು. ಮಗಳು ಮಾತ್ರ ತಟ್ಟೆಯಲ್ಲಿದ್ದ ದೋಸೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತ ಕೂತಳು.

ನಗು ಏಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಹತ್ತು ವರ್ಷ ಹಿಂದಕ್ಕೆ ಬರಬೇಕು. ಆಗ ನಾನು ಶಿರಸಿಯಲ್ಲಿ ಹಲಸಿನ ಹಪ್ಪಳ ಮಾಡುವ ಒಂದು ಸಣ್ಣ ಮಹಿಳಾ ಸಂಘದಲ್ಲಿದ್ದೆ. ಹಲಸಿನ ಸೊಳೆಯನ್ನು ಬಣ್ಣ ಕೆಡದಂತೆ ಒಣಗಿಸುವುದನ್ನು ಕಲಿತು ಬರಲು ಒಬ್ಬರನ್ನು ಹತ್ತು ದಿನ ವಿಯೆಟ್ನಾಮಿಗೆ ಕಳಿಸುವುದೆಂದಾಯಿತು. ಆ ಒಬ್ಬರು ನಾನಾದೆ. ಬುದ್ಧಿವಂತಳೆಂದಲ್ಲ, ಪಾಸ್‌ಪೋರ್ಟ್ ಇದ್ದದ್ದು ನನ್ನೊಬ್ಬಳಲ್ಲೇ. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರು ಸಿಂಗಾಪುರ ತೋರಿಸುವ ಉಮೇದಿನಲ್ಲಿ ಮಾಡಿಸಿದ್ದು. ಸಿಂಗಾಪುರ ಇದ್ದಲ್ಲೇ ಇತ್ತು, ನಾವೂ ಇದ್ದಲ್ಲೇ ಇದ್ದೆವು. ಒಬ್ಬಳೇ ನಾನು ಹೋದ ಅತಿ ದೂರದ ಊರೆಂದರೆ ಹುಬ್ಬಳ್ಳಿ, ಅಲ್ಲಿಯೂ ಒಮ್ಮೆ ದಾರಿ ತಪ್ಪಿದ್ದೆ.

ಮಗಳಿಗೆ ಆಗ ಎಂಟು ವರ್ಷ. ಒಂದು ದಿನವೂ ಅವಳನ್ನು ಬಿಟ್ಟು ಮಲಗಿದವಳಲ್ಲ ನಾನು. ಹೋಗಬೇಡವೆಂದು ಅತ್ತೆಯಾದರೂ ಅನ್ನುತ್ತಾರೇನೋ ಎಂದು ಕಾದೆ. ನಿಲ್ಕುಂದದ ಕಡೆಯ ಹೆಂಗಸು ಅವರು, ಗಟ್ಟಿ ಜೀವ. ಟಿಕೆಟ್ಟಿನ ತಾರೀಖು ಕೇಳಿ ಕ್ಯಾಲೆಂಡರ್ ನೋಡಿದರು.

"ಯಾವ ದೇಶಕ್ಕಾದ್ರೂ ಹೋಗು ಮಾರಾಯ್ತಿ, ಅಡ್ಡಿಲ್ಲೆ. ಮಂಗಳವಾರ ಮಾತ್ರ ಮನೆ ಬಿಡಡ."

ವಿಮಾನ ಬುಧವಾರ ಬೆಳಿಗ್ಗೆ ಬೆಂಗಳೂರಿನಿಂದ, ಬಸ್ಸು ಅವರು ಹೊರಡಬೇಡವೆಂದ ಮಂಗಳವಾರವೇ, ಸಂಜೆ ಆರಕ್ಕೆ. ಇಂಥ ಪೇಚಿಗೆ ನಮ್ಮಲ್ಲಿ ಒಂದು ದಾರಿ ಇದೆ, ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ, ನಮ್ಮ ಸಾಮಾನೊಂದನ್ನು ನೆರೆಮನೆಯಲ್ಲಿ ಇಟ್ಟು ಬಂದರಾಯಿತು, ಅಲ್ಲಿಗೆ ನಾವು ಹೊರಟಂತೆ. ಆಮೇಲೆ ಯಾವ ವಾರವಾದರೂ ಅದನ್ನೆತ್ತಿಕೊಂಡು ನಡೆಯಬಹುದು. ಆದರೆ ಒಮ್ಮೆ ಹೊರಗಿಟ್ಟದ್ದು ಪ್ರಯಾಣ ಮಾಡದೆ ಮನೆಗೆ ತಿರುಗಿ ಬರಕೂಡದು. ನಮ್ಮ ಮನೆಯವರ ಅಜ್ಜ ಹೀಗೆ ಕಾಶಿಗೆಂದು ಊರುಗೋಲು ಇಟ್ಟವರು ಜ್ವರ ಬಂದು ಹೊರಡಲಾಗದೆ, ಕೋಲೂ ಇಲ್ಲದೆ ತಿಂಗಳುಗಟ್ಟಲೆ ಗೋಡೆ ಹಿಡಿದು ಓಡಾಡಿದರಂತೆ. ಕೊನೆಗೆ ಅದನ್ನು ಹಿಡಿದುಕೊಂಡು ಮಾಗೋಡಿನ ಜಲಪಾತದವರೆಗೆ ಹೋಗಿಬಂದು, ಕಾಶಿಗೆ ಇಷ್ಟೇ ಸಾಕೆಂದು ಕೋಲನ್ನು ಒಳಗೆ ತಂದರಂತೆ.

ನಾನು ಒಂದು ಹಳೆಯ ಸೀರೆಯನ್ನು ಚೀಲಕ್ಕೆ ಹಾಕಿದೆ. ಅತ್ತೆ ಅದನ್ನು ಹೊರಗೆಳೆದರು.

"ಸೀರೆ ಇಟ್ರೆ ಪ್ರಸ್ಥಾನ ಆಗ್ತಿಲ್ಲೆ. ಯಾವುದು ಇಲ್ದೆ ಹೋಪಲೆ ಸಾಧ್ಯನೇ ಇಲ್ಯೋ ಅದನ್ನ ಇಡವು."

ಹಾಗೆ ಪಾಸ್‌ಪೋರ್ಟಿಗೆ ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುವ ಯೋಗ ಬಂತು. ಭಾನುವಾರ ಬೆಳಿಗ್ಗೆ ಅದು ಚೀಲದಲ್ಲಿ ಕೂತು ಗಿರಿಜಕ್ಕನ ಮನೆಗೆ ಹೋಯಿತು. ಗಿರಿಜಕ್ಕ ಬನವಾಸಿ ಕಡೆಯವರು, ಪೇಟೆಯಲ್ಲಿ ಬಟ್ಟೆ ಅಂಗಡಿ ಇರುವ ಮನೆತನ. "ನಮ್ಮ ದೇವರ ಜಗಲಿ ಮ್ಯಾಲ ಇಡ್ತೀನ್ರಿ. ಯಾರೂ ಮುಟ್ಟಂಗಿಲ್ಲ, ನೀವು ನಿಶ್ಚಿಂತಿ ಹೋಗಿ ಬರ್ರಿ," ಎಂದರು.

ನಿಶ್ಚಿಂತೆ ನನ್ನ ಜಾತಕದಲ್ಲಿಲ್ಲ. ಮಗಳಿಗೆ ಯಾವ ವಾರ ಯಾವ ಸಮವಸ್ತ್ರ, ಕೆಮ್ಮಿದರೆ ಯಾವ ಕಷಾಯ, ಜಡೆ ಎಷ್ಟು ಬಿಗಿ ಎಂದೆಲ್ಲ ನಾಲ್ಕು ಹಾಳೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅವಳು ಅಳಲಿಲ್ಲ, ಹೋಗಬೇಡ ಎನ್ನಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದಳು, "ಆಯಿ, ಅಲ್ಲಿ ಕತ್ತಲಾದಾಗ್ಲೇ ಇಲ್ಲೂ ಕತ್ತಲೆ ಆಗ್ತಾ?" ಅಲ್ಲಿ ಒಂದೂವರೆ ಗಂಟೆ ಮುಂದೆ ಎಂದೆ. "ಹಂಗಾದ್ರೆ ನಿಂಗೇ ಮೊದ್ಲು ನಿದ್ದೆ ಬತ್ತು," ಎಂದು ಲೆಕ್ಕ ಮುಗಿಸಿದಳು. ನನಗೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳಬೇಕಾಯಿತು.

ಮಂಗಳವಾರ ನಾಲ್ಕೂವರೆಗೆ ನಾನೂ ಅತ್ತೆಯೂ ಚೀಲ ತರಲು ಹೋದರೆ ಗಿರಿಜಕ್ಕನ ಮನೆಗೆ ಬೀಗ! ಎಕ್ಕಂಬಿಯಲ್ಲಿ ನಾದಿನಿಯ ಮಗುವಿಗೆ ತೊಟ್ಟಿಲ ಶಾಸ್ತ್ರ, ಮಧ್ಯಾಹ್ನವೇ ಬಂದುಬಿಡುತ್ತೇನೆ ಎಂದಿದ್ದರು. ಫೋನು ಮಾಡಿದೆ. ಬೀಗ ಹಾಕಿದ ಬಾಗಿಲಿನ ಹಿಂದೆಯೇ ಅದು ಗಣಗಣ ಹೊಡೆದುಕೊಂಡಿತು. ಅವರ ಬೆಕ್ಕು ಹಸಿದು ನಮ್ಮ ಕಾಲು ಸುತ್ತುತ್ತಿತ್ತು. ಮಗಳು ಶಾಲೆಯಿಂದ ಬಂದವಳು, ಬೆನ್ನಿನ ಚೀಲವನ್ನೂ ಇಳಿಸದೆ ಬೇಲಿಯ ಬಳಿ ನಿಂತಿದ್ದಳು.

ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತರು. "ಸೀರೆ ಇಟ್ಟಿದ್ರೆ ಎಂತ ಆಗ್ತಿತ್ತು! ಯನ್ನ ಬಾಯಿಗೆ ಬೆಂಕಿ ಹಾಕ."

ಈಗ ನಿಮ್ಮೆದುರು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಬೀಗ ನೋಡಿದಾಗ ನನಗೆ ಗಾಬರಿಯಾಗಬೇಕಿತ್ತು. ಆದದ್ದು ಗಾಬರಿಯಲ್ಲ, ಹಿತ. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋದ ಹಾಗೆ.

"ಇರ್ಲಿ ಬಿಡಿ ಅತ್ತೆ," ಎಂದೆ. "ಹೋಪಲೆ ಆಗ್ದಿದ್ರೆ ಇಲ್ಲೆ. ಕೂಸು ಇನ್ನೂ ಸಣ್ಣದು. ಬೇರೆ ಯಾರಾದ್ರೂ ಪಾಸ್‌ಪೋರ್ಟ್ ಮಾಡಿಸ್ಕಂಡು ಹೋಗ್ಲಿ." ನನ್ನ ದನಿ ಶಾಲೆಗೆ ರಜೆ ಸಿಕ್ಕಿದ ಹುಡುಗಿಯ ದನಿಯಂತಿತ್ತು.

ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬೆನ್ನಿನ ಚೀಲ ಇಳಿಸಿ, ಕಂಪಾಸ್ ಪೆಟ್ಟಿಗೆ ತೆಗೆದು, ಅದರೊಳಗಿಂದ ಕೆಂಪು ದಾರ ಕಟ್ಟಿದ ಕೀಲಿಯೊಂದನ್ನು ಹೊರತೆಗೆದಳು.

"ಮಧ್ಯಾಹ್ನ ಬಪ್ಪಲೆ ಆಗ್ದಿದ್ರೆ ಶಾಲಿಂದ ಬಂದು ಬೆಕ್ಕಿಗೆ ಹಾಲು ಹಾಕು ಹೇಳಿ ಗಿರಿಜಕ್ಕ ಬೆಳಿಗ್ಗೆ ಕೊಟ್ಟಿತ್ತು."

"ಮತ್ತೆ ಇಷ್ಟೊತ್ತು ಎಂತಕೆ ಸುಮ್ನೆ ನಿಂತಿದ್ದೆ?" ಅತ್ತೆ ಎದ್ದರು.

"ಆಯಿ ಹೋಪದು ಬೇಡ ಹೇಳಿ."

"ಈಗೆಂತಕೆ ಕೊಡದು ಹಂಗಾರೆ?"

"ಆಯಿನೂ ಹಂಗೇ ಹೇಳ್ತಲ," ಎಂದಳು, ನನ್ನನ್ನು ತೋರಿಸಿ. "ಇಬ್ರೂ ಹಂಗೇ ಹೇಳಿದ್ರೆ ಹೋಪದು ಯಾರು? ಶಾಲೆಲಿ ಎಲ್ಲರಿಗೂ ಹೇಳಾಯ್ದು."

ಬಸ್ಸಿಗೆ ಹೊತ್ತಾಗುತ್ತಿತ್ತು. ಬೀಗ ತೆಗೆದೆವು. ಅತ್ತೆ ಬೆಕ್ಕಿಗೆ ಹಾಲು ಹಾಕಿದರು, ನಾನು ಚೀಲ ಎತ್ತಿಕೊಂಡೆ, ಮಗಳು ಬಸ್ ಸ್ಟ್ಯಾಂಡಿನವರೆಗೂ ಸೂಟ್‌ಕೇಸಿನ ಹಿಡಿ ಬಿಡಲಿಲ್ಲ.

ವಿಯೆಟ್ನಾಮಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಾಸ್‌ಪೋರ್ಟಿನ ಮೇಲಿನ ಹಳದಿ ಕಲೆಯನ್ನು ಉಗುರಿನಿಂದ ಕೆರೆದು, ಮೂಸಿ, ನನ್ನನ್ನು ನೋಡಿದ. ನಾನು ನಕ್ಕೆ. ಅವನೂ ನಕ್ಕು ಠಸ್ಸೆ ಒತ್ತಿದ. ಮೊದಲ ದಿನ ಅಳುತ್ತೇನೆಂದು ಕರವಸ್ತ್ರ ಹಿಡಿದೇ ಮಲಗಿದವಳು ಹತ್ತು ಗಂಟೆ ನಿದ್ದೆ ಹೊಡೆದೆ, ಇದನ್ನು ಊರಿನಲ್ಲಿ ಯಾರಿಗೂ ಹೇಳಿಲ್ಲ. ಮನೆಗೆ ಫೋನು ಮಾಡಿದರೆ ಮಗಳು ಮೂರು ಮಾತಾಡಿ, ಕಾರ್ಟೂನ್ ಶುರುವಾತು ಎಂದು ಇಟ್ಟುಬಿಡುತ್ತಿದ್ದಳು. ತಿರುಗಿ ಬಂದಾಗ ಫ್ರಿಜ್ಜಿನ ಮೇಲಿನ ನಾಲ್ಕು ಹಾಳೆಯೂ ಅಂಟಿಸಿದ ಹಾಗೇ ಇದ್ದವು. ಕೆಳಗಿನದರ ಮೇಲೆ ಅವಳು ಒಂದು ವಿಮಾನ ಬರೆದಿದ್ದಳು.

ಆ ಕೀಲಿಯನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಎಂಟು ವರ್ಷದ ಹುಡುಗಿ ಇಡೀ ದಿನ ಪಾಠ ಕೇಳಿದ್ದಾಳಲ್ಲ, ಪೆನ್ಸಿಲ್ ತೆಗೆಯುವಾಗಲೆಲ್ಲ ಅದು ಕಣ್ಣಿಗೆ ಬಿದ್ದಿರಬೇಕಲ್ಲ ಎಂದು ಈಗಲೂ ಯೋಚಿಸುತ್ತೇನೆ. ಕೂಸು ಸಣ್ಣದು ಎಂದವಳು ನಾನು.

ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಈ ಸಲವೂ ಹೊರಡುವ ದಿನ ಮಂಗಳವಾರವೇ ಬಂದಿತ್ತು. "ಬಸ್ಸಿಗೆ ವಾರ ಗೊತ್ತಿದ್ದಾ ಆಯಿ?" ಎಂದು ಮಗಳು ನನ್ನ ಬಾಯಿ ಮುಚ್ಚಿಸಿದ್ದಳು. ಆದರೆ ಭಾನುವಾರ ನೋಡಿದರೆ ಆ ಹಳೆಯ ಚೀಲ ಮನೆಯಲ್ಲಿಲ್ಲ. ಕಾಲೇಜಿನ ಪ್ರವೇಶದ ಕಾಗದಗಳೂ ಇಲ್ಲ. ಬೇಲಿಯಾಚೆ ಗಿರಿಜಕ್ಕನ ಮನೆಯತ್ತ ಒಮ್ಮೆ ನೋಡಿ ನನ್ನ ಕೆಲಸಕ್ಕೆ ಹೋದೆ.

ಮಂಗಳವಾರ ಬೆಳಿಗ್ಗೆ ಬನವಾಸಿಗೆ ಹೊರಟ ಗಿರಿಜಕ್ಕ ಕೀಲಿಯನ್ನು ನನ್ನ ಕೈಗೆ ಹಾಕಿದರು. "ಈ ಸಲ ನಿಮ್ಮ ಕಡೆ ಇರ್ಲಿ ತಗೋರಿ," ಎಂದು ಕಣ್ಣು ಮಿಟುಕಿಸಿದರು.

ಸೊಂಟಕ್ಕೆ ಸಿಕ್ಕಿಸಿದ ಕೀಲಿ ದಿನವಿಡೀ ಒತ್ತುತ್ತಿತ್ತು. ಐದು ಗಂಟೆಗೆ ಮಗಳು ಸಾಮಾನೆಲ್ಲ ಹೊರಗಿಟ್ಟು, "ಆಯಿ, ಕೀಲಿ?" ಎಂದಳು. ನಾನು ಮುಂದೆ ನಡೆದು ಬೀಗ ತೆಗೆದೆ. ಅವಳು ಒಳಗೆ ಹೋಗಿ ಬೆಕ್ಕಿಗೆ ಹಾಲು ಹಾಕಿದಳು, ದೇವರ ಜಗಲಿಯಿಂದ ಚೀಲ ಎತ್ತಿಕೊಂಡಳು, ನಮ್ಮ ಮನೆಯತ್ತ ಹೊರಳದೆ ಹಾಗೇ ಬಸ್ ಸ್ಟ್ಯಾಂಡಿಗೆ ನಡೆದಳು. ಸೂಟ್‌ಕೇಸಿನ ಹಿಡಿ ನನ್ನ ಕೈಯಲ್ಲಿತ್ತು.